ಹೊಗೆಗೆ ವರ್ಗಾವಣೆ ಆದೇಶ

ವಿದ್ಯುತ್ ಕಾರಿನಲ್ಲಿ ಪರಿಸರಕ್ಕೆ ಅತಿ ಹೆಚ್ಚು ಉಪಕಾರ ಮಾಡುವ ಭಾಗ ಯಾವುದು ಎಂದು ಕೇಳಿದರೆ ಸಾಮಾನ್ಯ ಜನ ಬ್ಯಾಟರಿ ಎನ್ನುತ್ತಾರೆ. ಸ್ವಲ್ಪ ಓದಿಕೊಂಡವರು ಮೋಟಾರ್ ಎನ್ನುತ್ತಾರೆ. ಎರಡೂ ತಪ್ಪು. ಸರಿಯುತ್ತರ ನಂಬರ್ ಪ್ಲೇಟು. 2018ರಿಂದ ಇಂಥ ಕಾರುಗಳಿಗೆ ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ. ಬಾಡಿಗೆಗೆ ಓಡಿಸುವುದಾದರೆ ಹಳದಿ ಅಕ್ಷರ. ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ, ಟೈರು ಸವೆಯುತ್ತದೆ, ಕಂತು ಕಟ್ಟುವವರ ಉತ್ಸಾಹವೂ ಸವೆಯುತ್ತದೆ. ಪ್ಲೇಟಿನ ಹಸಿರು ಮಾತ್ರ ಹಾಗೇ ಇರುತ್ತದೆ. ಅದಕ್ಕೆ ಚಾರ್ಜ್ ಬೇಡ, ಸರ್ವಿಸ್ ಬೇಡ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನನ್ನ ಅರ್ಹತೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಬಳಿ ಯಾವ ಕಾರೂ ಇಲ್ಲ. ಹಾಗಾಗಿ ಪೆಟ್ರೋಲಿನವರ ಮುಲಾಜೂ ಇಲ್ಲ, ಕರೆಂಟಿನವರ ಮುಲಾಜೂ ಇಲ್ಲ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದಲ್ಲಿ ಚಾರ್ಜಿಂಗ್ ಉಪಸಮಿತಿಯ ಸಂಚಾಲಕನಾಗಿದ್ದೇನೆ. ಆ ಹುದ್ದೆಗೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ ಎಂಬುದು ನನ್ನ ಆಯ್ಕೆ ಸರ್ವಾನುಮತದ್ದೆಂಬುದಕ್ಕೆ ಸಾಕ್ಷಿ.

ಮೊದಲು ಹೊಗೆಯ ವಿಚಾರ. ವಿದ್ಯುತ್ ಕಾರು ಹೊಗೆ ಉಗುಳುವುದಿಲ್ಲ. ಇದನ್ನು ನಾನೇ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಪರೀಕ್ಷಿಸಿದ್ದೇನೆ. ಉಗುಳಲು ಕೊಳವೆಯೇ ಇಲ್ಲ. ಹಾಗೆಂದು ಹೊಗೆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದೆ ಎಂದು ಭಾವಿಸಬಾರದು. ಅದಕ್ಕೆ ವರ್ಗಾವಣೆಯಾಗಿದೆ, ಅಷ್ಟೆ. ಬೆಂಗಳೂರಿನಲ್ಲಿ ಇದ್ದು ಕಿರಿಕಿರಿ ಮಾಡುವವರನ್ನು ನಮ್ಮ ಸರ್ಕಾರಗಳು ಮೊದಲಿನಿಂದಲೂ ಎಲ್ಲಿಗೆ ಎತ್ತಂಗಡಿ ಮಾಡುತ್ತ ಬಂದಿವೆಯೋ ಅಲ್ಲಿಗೇ ಹೋಗಿದೆ, ರಾಯಚೂರಿಗೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟಿನ ಶಾಖೋತ್ಪನ್ನ ಸ್ಥಾವರವಿದೆ. 1985ರಿಂದ ಅದು ಇಂಥ ಹೊಗೆಯನ್ನು ಬೇಸರಿಸದೆ ಸೇವೆಗೆ ಸೇರಿಸಿಕೊಳ್ಳುತ್ತಿದೆ. ಅಲ್ಲಿ ಜಾಗ ಖಾಲಿ ಇಲ್ಲದಿದ್ದರೆ ಪಕ್ಕದಲ್ಲೇ ಯರಮರಸ್ ಇದೆ, ಬಳ್ಳಾರಿಯ ಕುಡತಿನಿ ಇದೆ. ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಪಾಲು ಸಿಗಲೆಂದು ಸಂವಿಧಾನಕ್ಕೆ 371(ಜೆ) ವಿಧಿ ಸೇರಿಸಬೇಕಾಯಿತು. ಹೊಗೆಗೆ ಅಂಥ ಹೋರಾಟವೇನೂ ಬೇಕಾಗಲಿಲ್ಲ. ಕೇಳದೆಯೇ ಪೂರ್ತಿ ಸ್ಥಳೀಯರಿಗೇ ಬಿಟ್ಟುಕೊಡಲಾಗಿದೆ, ಹಾರುಬೂದಿ ಸಮೇತ.

ಇದಕ್ಕೆ ಕೆಲವರು ಪಾವಗಡದ ಸೌರ ವಿದ್ಯುತ್ ಪಾರ್ಕನ್ನು ಎದುರಿಗೆ ತರುತ್ತಾರೆ. ತಪ್ಪಿಲ್ಲ. 13 ಸಾವಿರ ಎಕರೆ, 2050 ಮೆಗಾವ್ಯಾಟ್, ಎಲ್ಲವೂ ಬಿಸಿಲಿನದು. ಆದರೆ ಸೂರ್ಯನದು ಕಟ್ಟುನಿಟ್ಟಾದ ಹಗಲು ಪಾಳಿ. ಅದೇ ಹೊತ್ತಿಗೆ ಕಾರು ಆಫೀಸಿನ ಬೇಸ್‌ಮೆಂಟಿನಲ್ಲಿ ಕತ್ತಲೆಯಲ್ಲಿ ನಿಂತಿರುತ್ತದೆ. ಸಂಜೆ ಸೂರ್ಯ ಮನೆಗೆ ಹೊರಟ ಮೇಲೆ ಕಾರೂ ಮನೆಗೆ ಹೊರಡುತ್ತದೆ. ರಾತ್ರಿ ಎಂಟಕ್ಕೆ ಯಜಮಾನರು ಪ್ಲಗ್ ಚುಚ್ಚುವಾಗ ಜಾಲದಲ್ಲಿ ಇರುವುದು ರಾಯಚೂರಿನ ಕಲ್ಲಿದ್ದಲು, ಗಾಳಿ ಬೀಸಿದ್ದರೆ ಗಾಳಿಯಂತ್ರದ ಪಾಲು, ಮಳೆ ಚೆನ್ನಾಗಿ ಆಗಿದ್ದರೆ ಶರಾವತಿಯ ನೀರು. ಆ ನೀರನ್ನು ತಡೆದ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ಜಮೀನು ಮುಳುಗಿ ಅರವತ್ತು ವರ್ಷವಾದರೂ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿರುವ ಕುಟುಂಬಗಳಿವೆ. ಅವರು ಅಲೆಯುವುದು ಬಸ್ಸಿನಲ್ಲಿ. ಆದ್ದರಿಂದ ಕಾರುಗಳ ಕುರಿತ ಈ ಲೇಖನದ ವ್ಯಾಪ್ತಿಗೆ ಅವರು ಬರುವುದಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈ ಆಕ್ಸೈಡ್. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ಕಿಲೋಮೀಟರಿಗೆ 150 ಗ್ರಾಂ. ದೇಶದ ವಿದ್ಯುತ್ ಜಾಲದ ಸರಾಸರಿ ತೆಗೆದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ.; ಯೂನಿಟ್ಟಿಗೆ ಆರೂವರೆ ಕಿ.ಮೀ. ಓಡುವ ವಿದ್ಯುತ್ ಕಾರಿಗೆ ಕಿಲೋಮೀಟರಿಗೆ 110ರ ಆಸುಪಾಸು. ಲೀಟರಿಗೆ 20 ಕಿ.ಮೀ. ಕೊಡುವ ಹೈಬ್ರಿಡ್ಡಿಗೆ 115. ಅಂದರೆ ಕಲ್ಲಿದ್ದಲಿನ ಜಾಲದಲ್ಲಿ ಹೈಬ್ರಿಡ್ಡೂ ವಿದ್ಯುತ್ ಕಾರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕರ್ನಾಟಕದಂತೆ ನೀರು, ಗಾಳಿ, ಬಿಸಿಲು ಇರುವ ಕಡೆ, ಅದರಲ್ಲೂ ಮಧ್ಯಾಹ್ನ ಚಾರ್ಜ್ ಮಾಡಿದರೆ, ವಿದ್ಯುತ್ ಕಾರು ಎದ್ದು ಕಾಣುವಂತೆ ಮುಂದೆ ಹೋಗುತ್ತದೆ. ಸಂಗತಿ ಹೀಗೆ ಅಪಾಯಕಾರಿಯಾಗಿ ಸರಳವಾಗಿರುವುದರಿಂದ ನಮ್ಮಂಥ ಪರಿಣತರು ನಡುವೆ ಬರಬೇಕಾಗುತ್ತದೆ.

ಈಗ ಹೈಬ್ರಿಡ್. ಇದರಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಮೋಟಾರೂ ಇದೆ, ಬ್ಯಾಟರಿಯೂ ಇದೆ. ಪ್ಲೇಟು ಮಾತ್ರ ಬಿಳಿ. ಇಷ್ಟು ಖರ್ಚು ಮಾಡಿಯೂ ಹಸಿರು ಪ್ಲೇಟು ಸಿಗದ ದುಃಖ ಹೈಬ್ರಿಡ್ ಕೊಂಡವರ ಮುಖದಲ್ಲಿ ಕಾಣುತ್ತದೆ. ಅದಕ್ಕೇ ಅವರು ಮೈಲೇಜಿನ ಮಾತು ತೆಗೆಯುವುದು. ಗ್ರ್ಯಾಂಡ್ ವಿಟಾರಾ ಹೈಬ್ರಿಡ್ಡಿಗೆ ಕಂಪನಿ ಘೋಷಿಸಿರುವುದು ಲೀಟರಿಗೆ 27.97 ಕಿ.ಮೀ. 28 ಎಂದು ಬಾಯಿ ತುಂಬ ಹೇಳಬಹುದಿತ್ತು, ಹೇಳಲಿಲ್ಲ. ಆ 0.03ರಲ್ಲಿರುವ ಪ್ರಾಮಾಣಿಕತೆಗೆ ಗ್ರಾಹಕ ಸೋಲುತ್ತಾನೆ. ಆಮೇಲೆ ರಸ್ತೆಯ ಮೇಲೆ 20 ಬಂದರೂ ಅವನು ದೂರುವುದು ತನ್ನ ಬಲಗಾಲನ್ನೇ.

ಹೈಬ್ರಿಡ್ಡಿನಲ್ಲಿ ಪಂಗಡಗಳಿವೆ. ‘ಸ್ಟ್ರಾಂಗ್’ ಎಂಬುದು ಸ್ವಲ್ಪ ದೂರ ಬರೀ ಬ್ಯಾಟರಿಯಲ್ಲೇ ಓಡಬಲ್ಲದು. ‘ಮೈಲ್ಡ್’ ಎಂಬುದು ಹಾಗೆ ಓಡಲಾರದು. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ ಮತ್ತೆ ಹಚ್ಚುತ್ತದೆ, ಹೊರಡುವಾಗ ಸ್ವಲ್ಪ ಕೈಗೂಡಿಸುತ್ತದೆ. ಅದರ ಉಳಿದ ಶಕ್ತಿಯೆಲ್ಲ ಡಿಕ್ಕಿಯ ಮೇಲಿನ ಸ್ಟಿಕ್ಕರಿನಲ್ಲಿರುತ್ತದೆ. ಮೈಲ್ಡ್‌ಗೆ ಕೇಂದ್ರ ಸರ್ಕಾರ ಒಂದಷ್ಟು ಕಾಲ ಸಬ್ಸಿಡಿ ಕೊಟ್ಟು 2017ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಅದೇ ವರ್ಷ ಜುಲೈನಲ್ಲಿ ಜಿಎಸ್‌ಟಿ ಬಂತು. ಹೈಬ್ರಿಡ್ಡುಗಳನ್ನು ಸೆಸ್ ಸೇರಿ ಶೇ 43ರ ತೆರಿಗೆಯಲ್ಲಿ, ಅಂದರೆ ದೊಡ್ಡ ಐಷಾರಾಮಿ ಕಾರುಗಳ ಪಂಕ್ತಿಯಲ್ಲೇ ಕೂರಿಸಲಾಯಿತು. ವಿದ್ಯುತ್ ಕಾರಿಗೆ 2019ರ ಆಗಸ್ಟ್‌ನಿಂದ ಶೇ 5. ನಾನು ಮೇಲೆ ಹೇಳಿದ ಲೆಕ್ಕದಲ್ಲಿ ಇವೆರಡರ ನಡುವೆ ಕಿಲೋಮೀಟರಿಗೆ ಐದು ಗ್ರಾಂ ವ್ಯತ್ಯಾಸ. ತೆರಿಗೆ ಇಲಾಖೆಯ ಲೆಕ್ಕದಲ್ಲಿ 2025ರ ಸೆಪ್ಟೆಂಬರ್‌ವರೆಗೂ ಶೇಕಡ 38 ಇತ್ತು. ಇಲಾಖೆಯ ತಕ್ಕಡಿ ನಮ್ಮದಕ್ಕಿಂತ ಸೂಕ್ಷ್ಮವಾಗಿದೆ ಎಂದಷ್ಟೇ ಹೇಳಬಲ್ಲೆ.

ಬ್ರೇಕಿನ ವಿಷಯಕ್ಕೆ ಬರೋಣ, ಏಕೆಂದರೆ ಇಲ್ಲೇ ಬೆಂಗಳೂರಿನ ಭವಿಷ್ಯ ಅಡಗಿದೆ. ಈ ಎರಡೂ ಬಗೆಯ ಕಾರುಗಳಲ್ಲಿ ಬ್ರೇಕ್ ಒತ್ತಿದಾಗ ಮೋಟಾರ್ ಜನರೇಟರ್ ಆಗಿ ತಿರುಗಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮ ಓಡಿದರೆ ಈ ಲಾಭ ಹೆಚ್ಚಿಲ್ಲ. ನಿಂತು ನಿಂತು ಹೋದರೆ ಇದೆ. ಆದ್ದರಿಂದಲೇ ಊರೊಳಗೆ ಹೈಬ್ರಿಡ್ ಪೆಟ್ರೋಲನ್ನು ನಿಜವಾಗಿ ಉಳಿಸುತ್ತದೆ. ಇಷ್ಟು ಪಠ್ಯಪುಸ್ತಕದಲ್ಲಿದೆ. ಅಲ್ಲಿಂದ ಮುಂದಿನದು ನನ್ನ ಸ್ವಂತ ಕೊಡುಗೆ. ಬ್ರೇಕ್ ಹಾಕಿದಷ್ಟೂ ವಿದ್ಯುತ್ ಎಂದಾದ ಮೇಲೆ, ದಿನವೂ ಲಕ್ಷಗಟ್ಟಲೆ ಬ್ರೇಕುಗಳು ಬೀಳುವ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಸಂಚಾರ ಸಮಸ್ಯೆ ಎಂದು ಕರೆಯುವುದೇ ಅವೈಜ್ಞಾನಿಕ. ಅದು ವಿದ್ಯುತ್ ಉತ್ಪಾದನಾ ಕೇಂದ್ರ. ಟಾಮ್‌ಟಾಮ್ ಸಂಸ್ಥೆಯ ಪಟ್ಟಿಯಲ್ಲಿ 2019ರಲ್ಲಿ ಬೆಂಗಳೂರು ದಟ್ಟಣೆಯಲ್ಲಿ ಜಗತ್ತಿಗೇ ಮೊದಲ ಸ್ಥಾನ ಗಳಿಸಿದಾಗ ನಾವು ತಲೆ ತಗ್ಗಿಸಿದೆವು; ಅಷ್ಟು ದೊಡ್ಡ ಜನರೇಟರ್ ಕೈಲಿದ್ದೂ ಒಂದು ಯೂನಿಟ್ ಮಾರಲಿಲ್ಲ. ಮೇಲ್ಸೇತುವೆ ಕಟ್ಟಿ ಆ ಸ್ಥಾವರವನ್ನು ಮುಚ್ಚುವ ಮುನ್ನ ಇಂಧನ ಇಲಾಖೆಯ ಅಭಿಪ್ರಾಯ ಕೇಳಬೇಕಿತ್ತು. ಬ್ರೇಕ್ ಹಾಕುವ ಮೊದಲು ಅಷ್ಟೇ ವೇಗ ಪಡೆಯಲು ಅದಕ್ಕಿಂತ ಹೆಚ್ಚು ಕರೆಂಟ್ ಖರ್ಚಾಗಿರುತ್ತದಲ್ಲ ಎಂದು ಉಪಸಮಿತಿಯಲ್ಲಿ ಭೌತಶಾಸ್ತ್ರದ ಮೇಷ್ಟರೊಬ್ಬರು ಆಕ್ಷೇಪಿಸಿದರು. ಅವರನ್ನು ಉದ್ಯಾನ ಉಪಸಮಿತಿಗೆ ಕಳಿಸಲಾಗಿದೆ.

ಇದೇ ತತ್ವ ಘಾಟಿಗೂ ಅನ್ವಯಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಮಂಗಳೂರು ಸಮುದ್ರಕ್ಕೇ ಅಂಟಿಕೊಂಡಿದೆ. ಒಂದೂವರೆ ಟನ್ನಿನ ಕಾರು ಅಷ್ಟು ಎತ್ತರ ಇಳಿದರೆ ಮೂರೂವರೆ ಯೂನಿಟ್ಟಿಗೂ ಸ್ವಲ್ಪ ಹೆಚ್ಚಿನ ಶಕ್ತಿ. ಅದರಲ್ಲಿ ಒಂದು ಭಾಗ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಬ್ಯಾಟರಿಗೆ ವಾಪಸಾಗುತ್ತದೆ. ಸಕಲೇಶಪುರದಲ್ಲಿ ತೋರಿಸಿದ್ದಕ್ಕಿಂತ ಗುಂಡ್ಯದಲ್ಲಿ ಚಾರ್ಜ್ ಜಾಸ್ತಿ ತೋರಿಸಿತೆಂದು ನಮ್ಮ ನೆಂಟರೊಬ್ಬರು ಫೋನಿನಲ್ಲಿ ಕಿರುಚಿದ್ದೂ ಉಂಟು. ಆದ್ದರಿಂದ ವಿದ್ಯುತ್ ಕಾರಿನ ಪೂರ್ಣ ಲಾಭ ಬೇಕೆನ್ನುವವರು ಇಳಿಜಾರಿನ ಪ್ರವಾಸಗಳನ್ನಷ್ಟೇ ಕೈಗೊಳ್ಳಬೇಕು. ಮಂಗಳೂರಿಗೆ ಕಾರಿನಲ್ಲಿ ಹೋಗಿ, ಅಲ್ಲೇ ಮಾರಿ, ರಾತ್ರಿ ರೈಲಿನಲ್ಲಿ ಹಿಂದಿರುಗುವುದು ಉತ್ತಮ ಕ್ರಮ.

ಬ್ಯಾಟರಿ ತಯಾರಿಸುವಾಗಲೇ ಗಣನೀಯ ಹೊಗೆ ಬಂದಿರುವುದರಿಂದ ವಿದ್ಯುತ್ ಕಾರು ಶೋರೂಮಿನಿಂದ ಹೊರಬೀಳುವುದೇ ಸಾಲ ಹೊತ್ತುಕೊಂಡು. ಪೆಟ್ರೋಲ್ ಕಾರಿಗಿಂತ ಕಿಲೋಮೀಟರಿಗೆ ಉಳಿಸುವ ಗ್ರಾಂ ಲೆಕ್ಕದಲ್ಲಿ ಆ ಸಾಲ ತೀರಲು ಹತ್ತಾರು ಸಾವಿರ ಕಿಲೋಮೀಟರ್ ಓಡಬೇಕು. ದಿನವೂ ಓಡುವ ಟ್ಯಾಕ್ಸಿಯವರು ಇದನ್ನು ಬೇಗ ತೀರಿಸುತ್ತಾರೆ. ಭಾನುವಾರ ಮಾತ್ರ ಹೊರತೆಗೆದು ಮಸಾಲೆದೋಸೆ ತಿಂದು ಬರುವವರು ತೀರಿಸುವುದೇ ಇಲ್ಲ. ಅಂಥ ನಾಲ್ಕು ಮನೆಯವರಿಗೆ ನಾನು ಕೊಟ್ಟ ಸಲಹೆ: ಊಟವಾದ ಮೇಲೆ ದಿನಾ ರಾತ್ರಿ ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿ. ಅನಗತ್ಯವಾಗಿ ಓಡಿಸಿದಷ್ಟೂ ಪರಿಸರದ ಋಣ ತೀರುತ್ತದೆ. ಇಬ್ಬರು ಈಗಾಗಲೇ ಶುರು ಮಾಡಿದ್ದಾರೆ.

ಇನ್ನು ನಮ್ಮ ಉಪಸಮಿತಿಯ ಕಲಾಪ. ಮೂರನೇ ಮಹಡಿಯ ಒಬ್ಬರು ಎರಡು ಟನ್ ತೂಗುವ ವಿದ್ಯುತ್ ಎಸ್‌ಯುವಿ ತಂದರು; ಅವರ ಮನೆಗೆ ಅದು ಮೂರನೆಯ ಕಾರು. ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟ್ ಬೇಕೆಂದು ಅರ್ಜಿ ಕೊಟ್ಟರು.

“ಇದು ಮಕ್ಕಳ ಭವಿಷ್ಯದ ಪ್ರಶ್ನೆ ಸರ್,” ಎಂದರು ಅವರು.

“ಭವಿಷ್ಯ ಇರ್ಲಿ ಸಾರ್, ಬಿಲ್ಲು ಯಾವ ಮೀಟರಿಗೆ ಬರುತ್ತೆ ಅದನ್ನ ಹೇಳಿ,” ಎಂದರು ಖಜಾಂಚಿ.

ಎರಡನೇ ಮಹಡಿಯ ಅಜ್ಜಿ ಎದ್ದು ನಿಂತರು. “ಬೆಂಕಿ ಹತ್ಕೊಂಡ್ರೆ ಏನ್ರೀ ಗತಿ? ನಮ್ಮ ಬೆಡ್‌ರೂಮು ಸರಿಯಾಗಿ ಅದರ ಮೇಲೇ ಇದೆ.”

ಬೆಡ್‌ರೂಮಿನ ಕೆಳಗೆ ಹನ್ನೆರಡು ವರ್ಷಗಳಿಂದ ನಲವತ್ತು ಪೆಟ್ರೋಲ್ ಟ್ಯಾಂಕುಗಳು ನಿಂತಿವೆ ಎಂದು ಯಾರೋ ನೆನಪಿಸಿದರು. ಅಜ್ಜಿ ಒಪ್ಪಲಿಲ್ಲ. ಪೆಟ್ರೋಲು ಬಹಳ ವರ್ಷದ ಪರಿಚಯ, ಲಿಥಿಯಂ ಇನ್ನೂ ಹೊಸಬ ಎಂಬುದು ಅವರ ವಾದ; ಬಾಡಿಗೆಗೆ ಮನೆ ಕೊಡುವಾಗ ಎಲ್ಲರೂ ಮಾಡುವ ವಾದವೇ ಆದ್ದರಿಂದ ಸಭೆ ಅದನ್ನು ಮಾನ್ಯ ಮಾಡಿತು.

ತೀರ್ಮಾನ ಆಗುವವರೆಗೆ ತಾತ್ಕಾಲಿಕ ವ್ಯವಸ್ಥೆಯೊಂದಿದೆ. ಮೂರನೇ ಮಹಡಿಯ ಬಾಲ್ಕನಿಯ ಗ್ರಿಲ್ಲಿನಿಂದ ಕಿತ್ತಳೆ ಬಣ್ಣದ ದಪ್ಪ ಎಕ್ಸ್‌ಟೆನ್ಷನ್ ವೈರು ಕೆಳಗಿಳಿಯುತ್ತದೆ. ಅಜ್ಜಿಯ ತುಳಸಿಕುಂಡಕ್ಕೆ ಒಂದು ಸುತ್ತು ಹಾಕಿ, ಅಲ್ಲಿ ಎರಡು ಬಟ್ಟೆ ಕ್ಲಿಪ್ಪುಗಳ ಆಸರೆ ಪಡೆದು, ಮಳೆನೀರಿನ ಪೈಪಿನ ಜೊತೆಜೊತೆಗೇ ಬೇಸ್‌ಮೆಂಟಿನ ಗವಾಕ್ಷಿಯೊಳಗೆ ನುಗ್ಗುತ್ತದೆ. 15 ಆಂಪಿಯರ್ ಸಾಕೆಟ್ಟಿನಲ್ಲಿ ಕಾರು ತುಂಬಲು ಇಡೀ ರಾತ್ರಿ ಸಾಲುವುದಿಲ್ಲ. ಅಷ್ಟೂ ಹೊತ್ತು ವೈರು ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಅಜ್ಜಿ ಮೊಮ್ಮಗನ ಕಾಲುಚೀಲವನ್ನು ಅದರ ಮೇಲೇ ಒಣಹಾಕುತ್ತಾರೆ. ಬೆಂಕಿಯ ಭಯ ಅವರಿಗೆ ಇರುವುದು ಅಧಿಕೃತ ಚಾರ್ಜಿಂಗ್ ಪಾಯಿಂಟಿನ ಬಗ್ಗೆ ಮಾತ್ರ. ಅಂದಹಾಗೆ ಇಂಥ ಮನೆಗಳಿಗೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಚಿಂತೆಯೂ ಇದೆ. 30 ಯೂನಿಟ್ ಹಿಡಿಯುವ ಸಣ್ಣ ಕಾರನ್ನೇ ತಿಂಗಳಿಗೆ ಏಳು ಬಾರಿ ತುಂಬಿಸಿದರೂ 200 ಯೂನಿಟ್ಟಿನ ಗೆರೆ ದಾಟಿ ಪೂರ್ತಿ ಬಿಲ್ಲು ತಲೆಯ ಮೇಲೆ ಬೀಳುತ್ತದೆ. ಲಕ್ಷಗಟ್ಟಲೆ ಕೊಟ್ಟು ಕಾರು ತಂದವರು ಈ ಉಚಿತ ಹೋಗುವ ಮಾತು ಬಂದಾಗ ಪಡುವ ಸಂಕಟ ನೋಡಲಾಗುವುದಿಲ್ಲ.

ಕೊನೆಗೆ ಸಭೆ ಇಂಧನ ಉಳಿತಾಯದ ಮೊದಲ ಹೆಜ್ಜೆಯಾಗಿ ಒಂದು ನಿರ್ಣಯ ಕೈಗೊಂಡಿತು: ಗೇಟಿನ ಸೆಕ್ಯೂರಿಟಿಯವರು ಸಾಮಾನ್ಯ ಮೀಟರಿನಲ್ಲಿ ಮೊಬೈಲ್ ಚಾರ್ಜ್ ಮಾಡುವುದನ್ನು ನಿಲ್ಲಿಸತಕ್ಕದ್ದು. ಒಂದು ಸಣ್ಣ ಕಾರಿನ ಬ್ಯಾಟರಿಯ ಕರೆಂಟಿನಲ್ಲಿ ಅವರ ಮೊಬೈಲ್ ದಿನಕ್ಕೊಮ್ಮೆಯಂತೆ ಐದು ವರ್ಷಕ್ಕೂ ಹೆಚ್ಚು ಕಾಲ ತುಂಬುತ್ತದೆ. ಇಷ್ಟು ದೀರ್ಘಾವಧಿಯ ದುಂದು ಯಾವ ಸಂಘಕ್ಕೂ ಭರಿಸಲಾಗದು. ನಿರ್ಣಯ ಓದಿ ಹೇಳಲು ನಾನೇ ಗೇಟಿಗೆ ಹೋದೆ. ಅವರು ರಾಯಚೂರು ಕಡೆಯವರು.

“ಆಯ್ತ್ರಿ ಸರ,” ಎಂದರು. “ನಮ್ಮೂರು ಶಕ್ತಿನಗರದ ಬಾಜೂಕೇ ಅದ್ರಿ. ಅಲ್ಲಿ ಹೊಗಿ ಇರ್ತದ, ಕರೆಂಟ್ ಇರಂಗಿಲ್ಲ. ಇಲ್ಲಿ ಕರೆಂಟ್ ಇರ್ತದಂತ ಬಂದೀವ್ರಿ.”

ಇದು ತಾಂತ್ರಿಕ ವಿಷಯ, ನಿಮಗೆ ಅರ್ಥವಾಗುವುದಿಲ್ಲ ಎಂದು ತಿಳಿಹೇಳಿ ಬಂದೆ.

ಸಣ್ಣ ಕಾರು ಎಂದಾಗ ರೇವಾ ನೆನಪಾಗುತ್ತದೆ. ಚೇತನ್ ಮೈನಿ ಮತ್ತು ಸಂಗಡಿಗರು ಇದೇ ಬೆಂಗಳೂರಿನಲ್ಲಿ ತಯಾರಿಸಿ 2001ರಲ್ಲಿ ರಸ್ತೆಗಿಳಿಸಿದ ವಿದ್ಯುತ್ ಕಾರು. ಉದ್ದ ಎರಡೂವರೆ ಮೀಟರಿಗೆ ಸ್ವಲ್ಪ ಹೆಚ್ಚು, ತೂಕ 700 ಕೆ.ಜಿ. ಆಸುಪಾಸು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮುದುಡಿಕೊಳ್ಳಲು ಒಪ್ಪುವ ಇಬ್ಬರು ಮಕ್ಕಳು. ಸೀಸದ ಬ್ಯಾಟರಿಯಲ್ಲಿ ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಅದು ಲಂಡನ್ನಿಗೂ ಹೋಗಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು, ಅಲ್ಲಿನ ದಟ್ಟಣೆ ಶುಲ್ಕದಿಂದ ವಿನಾಯಿತಿಯನ್ನೂ ಪಡೆಯಿತು. ಅಲ್ಲಿಯವರೂ ನಕ್ಕರು, ಇಲ್ಲಿ ನಾವೂ ನಕ್ಕೆವು. ಆಟದ ಸಾಮಾನು ಎಂದೆವು. ಬರೀ 80 ಕಿಲೋಮೀಟರಾ ಎಂದೆವು. ಬೆಂಗಳೂರಿನ ನಟ್ಟನಡುವೆ 10 ಕಿ.ಮೀ. ಸಾಗಲು 2022ರ ಲೆಕ್ಕದಲ್ಲಿ ಸರಾಸರಿ 29 ನಿಮಿಷ ಬೇಕು, 80 ಕಿ.ಮೀ. ಮುಗಿಸಲು ಹೊರಟವನು ನಾಲ್ಕು ಗಂಟೆ ಸ್ಟಿಯರಿಂಗ್ ಹಿಡಿದಿರಬೇಕಾಗುತ್ತದೆ. ಅಂದರೆ ಬ್ಯಾಟರಿಗಿಂತ ಮೊದಲು ಸೊಂಟ ಮುಗಿಯುತ್ತದೆ. 2010ರಲ್ಲಿ ಮಹೀಂದ್ರದವರು ಕಂಪನಿಯನ್ನು ಕೊಂಡರು. ರೇವಾ ಕ್ರಮೇಣ ಮರೆಯಾಯಿತು. ಪರಿಣತನಾಗಿ ನನ್ನ ತೀರ್ಪು: ಒಬ್ಬ ಮನುಷ್ಯ ಆಫೀಸಿಗೆ ಹೋಗಿಬರಲು ಎಷ್ಟು ಬೇಕೋ ಅಷ್ಟೇ ಇದ್ದದ್ದು ಅದರ ವಿನ್ಯಾಸದ ಮೂಲಭೂತ ದೋಷ. ಈಗಿನ ಎರಡು ಟನ್ನಿನ ಕಾರುಗಳಲ್ಲಿ ಅದನ್ನು ಸಂಪೂರ್ಣವಾಗಿ ಸರಿಪಡಿಸಲಾಗಿದೆ.

ಬ್ಯಾಟರಿಯ ಕಚ್ಚಾವಸ್ತುವಿನ ಚಿಂತೆ ಬೇಡ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿದೆ. ಮೊದಲು 14,100 ಟನ್ ಎಂದು ಸುದ್ದಿಯಾಯಿತು, 2021ರಲ್ಲಿ ಅಣುಶಕ್ತಿ ಇಲಾಖೆಯ ಭೂವಿಜ್ಞಾನಿಗಳು 1,600 ಟನ್ ಎಂದರು. ಪೆಟ್ರೋಲಿಗೆ ಶೇ 20ರಷ್ಟು ಬೆರೆಸುವ ಎಥೆನಾಲ್‌ನಲ್ಲೂ ಒಂದು ಪಾಲು ಕಬ್ಬಿನಿಂದ ಬರುತ್ತದೆ. ಪೆಟ್ರೋಲ್ ಕಾರು ಕೊಂಡರೂ ಬ್ಯಾಟರಿ ಕಾರು ಕೊಂಡರೂ ಕೊನೆಗೆ ಮಂಡ್ಯದವರ ಹೊಲಕ್ಕೇ ಬರಬೇಕು. ಬೆಂಗಳೂರು ಈಗಾಗಲೇ ಕಾವೇರಿಗಾಗಿ ಅವರ ಪಕ್ಕದಲ್ಲೇ ಕೊಡ ಹಿಡಿದು ನಿಂತಿರುವುದರಿಂದ ದಾರಿ ಹೊಸದಲ್ಲ.

ಇಲ್ಲೊಂದು ಅಹಿತಕರ ವಾಹನದ ಪ್ರಸ್ತಾಪ ಅನಿವಾರ್ಯ. ಲೀಟರ್ ಡೀಸೆಲ್ಲಿಗೆ ನಾಲ್ಕೇ ಕಿಲೋಮೀಟರ್ ಓಡುವ ಹಳೆಯ ಬಿಎಂಟಿಸಿ ಬಸ್ಸು ತೆಗೆದುಕೊಳ್ಳಿ. ಅದರಲ್ಲಿ ಅರವತ್ತು ಜನ ತುಂಬಿದ್ದರೆ ತಲೆಗೆ ಕಿಲೋಮೀಟರಿಗೆ ಸುಮಾರು 11 ಗ್ರಾಂ ಇಂಗಾಲದ ಡೈ ಆಕ್ಸೈಡ್ ಬೀಳುತ್ತದೆ. ಒಬ್ಬರೇ ಕೂತು ಓಡಿಸುವ ವಿದ್ಯುತ್ ಕಾರಿನದು ಅದರ ಹತ್ತುಪಟ್ಟು. ಬಿಎಂಟಿಸಿ 2014ರಲ್ಲೇ ವಿದ್ಯುತ್ ಬಸ್ಸನ್ನು ಪ್ರಯೋಗಕ್ಕೆ ಓಡಿಸಿತು, ಈಗ ಅಂಥ ಬಸ್ಸುಗಳು ಊರಿನ ತುಂಬ ಇವೆ. ಅವುಗಳ ಲೆಕ್ಕ ನಾನು ತೆಗೆಯಲಿಲ್ಲ, ಸದಸ್ಯರ ಮನಸ್ಸು ನೋಯಿಸುವುದು ಉಪಸಮಿತಿಯ ಉದ್ದೇಶವಲ್ಲ. ಬಸ್ಸಿನ ತಂತ್ರಜ್ಞಾನದಲ್ಲಿ ಇನ್ನೂ ಬಗೆಹರಿಯದ ತೊಡಕೊಂದಿದೆ. ಅದರೊಳಗೆ ಬೇರೆಯವರೂ ಕೂರುತ್ತಾರೆ.

ಉಳಿದದ್ದು ಮಳೆಗಾಲದ ಪ್ರಶ್ನೆ. ಜೂನ್ ಬಂದರೆ ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುವುದು ಇದಕ್ಕೇ. ನೀರಿನಲ್ಲಿ ವಿದ್ಯುತ್ ಕಾರು ಓಡಿಸಿದರೆ ಶಾಕ್ ಹೊಡೆಯುತ್ತದೆಯೇ? ಹೊಡೆಯುವುದಿಲ್ಲ. ಬ್ಯಾಟರಿಯನ್ನು ಭದ್ರವಾಗಿ ಮುಚ್ಚಿರುತ್ತಾರೆ. ಬಹುತೇಕ ಕಂಪನಿಗಳು ಹೇಳಿಕೊಳ್ಳುವ ಐಪಿ67 ಎಂಬ ದರ್ಜೆಯ ಅರ್ಥ, ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಒಳಗೆ ನೀರು ಹೋಗದು ಎಂದು. ಪೆಟ್ರೋಲ್ ಎಂಜಿನ್ನಿನಂತೆ ಗಾಳಿ ಎಳೆಯುವ ಬಾಯಿಗೆ ನೀರು ನುಗ್ಗಿ ಕೆಡುವ ಭಯವೂ ಇಲ್ಲ. ಆದ್ದರಿಂದ ಅಂಡರ್‌ಪಾಸಿನಲ್ಲಿ ಸಿಕ್ಕಿಬಿದ್ದರೆ ಗಾಬರಿಯಾಗದೆ ಗಡಿಯಾರ ನೋಡಿಕೊಳ್ಳಿ. ಮೂವತ್ತೊಂದನೆಯ ನಿಮಿಷಕ್ಕೆ ಬೇಕಾದ ವ್ಯವಸ್ಥೆ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ರಸ್ತೆಗಳು ಮುಳುಗಿದಾಗಲೇ ಸಾಬೀತಾಗಿದೆ. ಐಟಿ ಕಂಪನಿಯ ದೊಡ್ಡ ದೊಡ್ಡ ಅಧಿಕಾರಿಗಳು ಲ್ಯಾಪ್‌ಟಾಪನ್ನು ತಲೆಯ ಮೇಲಿಟ್ಟುಕೊಂಡು ಆಫೀಸು ತಲುಪಿದ್ದು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ನಿಂತು. ಡೀಸೆಲ್ಲಿನದು, ಹೊಗೆ ಚೆನ್ನಾಗಿಯೇ ಬರುತ್ತದೆ. ಟ್ರ್ಯಾಕ್ಟರಿನವರ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ, ಬಾಡಿಗೆ ಮೊದಲೇ ಮಾತಾಡಿ. ನೀರು ಏರಿದ ಮೇಲೆ ಅವರು ಚೌಕಾಸಿಗೆ ಬಗ್ಗುವುದಿಲ್ಲ.